ಚೌಡಣ್ಣನ ಬಾಯಾರಿಕೆ

ನಮ್ಮ ಹಗರಿಬೊಮ್ಮನಹಳ್ಳಿಯಲ್ಲಿ ರಿಪೇರಿ ಚೌಡಣ್ಣನನ್ನು ಮನೆಗೆ ಕರೆಸಿದವರಿಗೆಲ್ಲ ಒಂದು ವಿಷಯ ಗೊತ್ತು. ಅವನು ಬಂದು ಚಕ್ಕಳಮಕ್ಕಳ ಹಾಕಿ ಕೂತು, ಕೆಟ್ಟ ವಸ್ತುವಿನ ಬೆನ್ನು ಬಿಚ್ಚಿ, ಕೆಲಸ ಅರ್ಧಕ್ಕೆ ಬರುವ ಹೊತ್ತಿಗೆ ಅವನಿಗೆ ಬಾಯಾರುತ್ತದೆ. "ಒಂದು ಲೋಟ ನೀರು ತರ್ರಿ" ಎನ್ನುತ್ತಾನೆ. ಮಳೆಗಾಲವಿರಲಿ, ಚಳಿಯಿರಲಿ, ಈಗಷ್ಟೇ ಚಹಾ ಕುಡಿದಿರಲಿ, ಈ ಮಾತು ಬಂದೇ ಬರುತ್ತದೆ. ಅದೂ ಯಾರ ವಸ್ತುವೋ ಅವರೇ ಎದ್ದು ಹೋಗಿ ತರಬೇಕು. ಆಸ್ಪತ್ರೆಯ ಕಾಂಪೌಂಡರ್ ಒಬ್ಬರು ಅವನನ್ನು ಹಿಡಿದುಕೊಂಡು ಹೋಗಿ ಸಕ್ಕರೆ ಕಾಯಿಲೆಯ ಪರೀಕ್ಷೆಯನ್ನೂ ಮಾಡಿಸಿದ್ದರಂತೆ. ಏನೂ ಸಿಗಲಿಲ್ಲ.

ಊರವರು ಇದನ್ನು ತಮಾಷೆ ಮಾಡುತ್ತಿದ್ದರು. ನನಗೆ ಮಾತ್ರ ಈ ವಿಷಯದಲ್ಲಿ ಅವನ ಮೇಲೆ ಹನ್ನೊಂದು ವರ್ಷದ ಸಿಟ್ಟಿತ್ತು.

ನಾನು ಕೊಟ್ಟೂರಿನಿಂದ ಈ ಮನೆಗೆ ಸೊಸೆಯಾಗಿ ಬಂದದ್ದು ೧೯೯೬ರಲ್ಲಿ. ಮೂರನೆಯ ತಿಂಗಳಿಗೆ ನಮ್ಮ ಮಾವ ಗುರುಸಂಗಪ್ಪನವರ ರೇಡಿಯೋ ಮಾತು ನಿಲ್ಲಿಸಿತು. ಹೇಗೆ ನಿಲ್ಲಿಸಿತು ಎಂಬುದನ್ನು ಆಮೇಲೆ ಹೇಳುತ್ತೇನೆ. ಮಾವನವರಿಗೆ ಬೆಳಗಿನ ವಾರ್ತೆ ಕೇಳದೆ ಹಲ್ಲುಜ್ಜುವ ಕಡ್ಡಿಯೂ ಬಾಯಿಗೆ ಹೋಗುತ್ತಿರಲಿಲ್ಲ. ಚೌಡಣ್ಣ ಬಂದ, ಬಿಚ್ಚಿದ, ನೀರು ಕೇಳಿದ. ಮಾವ "ಭಾಗ್ಯ, ನೀರು ತಾರವ್ವ" ಎಂದು ನನ್ನನ್ನು ಕೂಗಿದರು. ಅದಕ್ಕೆ ಚೌಡಣ್ಣ, "ಆಕಿ ಬ್ಯಾಡ್ರಿ ಯಜಮಾನ್ರ, ನೀವಾ ತರ್ರಿ. ನಿಮ್ಮ ಕೈಯಾಗಿನ ನೀರಾ ಬೇಕು ನನಗ" ಎಂದ. ಅರವತ್ತು ದಾಟಿದ, ಊರಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ ಮೊಣಕಾಲು ಹಿಡಿದುಕೊಂಡು ಎದ್ದು ಅಡುಗೆಮನೆಗೆ ಹೋದರು. ಬಾಗಿಲ ಬಳಿ ನಿಂತಿದ್ದ ನನಗೆ ಮೈ ಉರಿದುಹೋಯಿತು. ಎಂಥ ದಿಮಾಕಿನ ಮನುಷ್ಯ ಎಂದುಕೊಂಡೆ.

ಮಾವ ನೀರು ತಂದಾಗ ಚೌಡಣ್ಣ ರೇಡಿಯೋದ ಸ್ಕ್ರೂ ತಿರುಗಿಸುತ್ತಿದ್ದ. "ಏನಾಗಿತ್ತಪ?" ಎಂದು ಕೇಳಿದರೆ, "ವಯಸ್ಸಾಗೈತ್ರಿ" ಎಂದ. ಮಾವ ನಕ್ಕರು. "ಲೇ, ದೀಪಾವಳಿಗೆ ತಂದಿದ್ದಲೇ ಇದು." ಅವನು ತಲೆ ಎತ್ತದೆಯೇ ಹೇಳಿದ: "ಹೊರಗ ಹೊಸದು. ಒಳಗಿನ ಮಾಲು ಹಳೇದು ಹಾಕಿರ್ತಾರ." ರೇಡಿಯೋ ಮಾತ್ರ ಹಾಡತೊಡಗಿತು. ಈ ಮನುಷ್ಯ ಸೊಕ್ಕಿನವನಷ್ಟೇ ಅಲ್ಲ, ಸುಳ್ಳನೂ ಹೌದು ಎಂದು ಅಂದೇ ತೀರ್ಮಾನಿಸಿಬಿಟ್ಟೆ. ನನ್ನ ತೀರ್ಮಾನಗಳು ಹಾಗೆ ಬೇಗ ಆಗುತ್ತವೆ.

ಚೌಡಣ್ಣನ ಅಂಗಡಿ ಸ್ಟೇಷನ್ ರಸ್ತೆಯಲ್ಲಿ, ಒಂದು ಚಹಾದ ಹೋಟೆಲಿನ ಪಕ್ಕದಲ್ಲಿದೆ. ಅವನ ಬೋರ್ಡನ್ನು ಓದಿದರೆ ನಮ್ಮ ಊರು ಹೇಗೆ ಬೆಳೆಯಿತು ಎಂಬುದು ತಿಳಿಯುತ್ತದೆ. ಮೊದಲ ಸಾಲು ನೀಲಿ ಬಣ್ಣದಲ್ಲಿ: ಮೋಟಾರ್, ಸ್ಟಾರ್ಟರ್, ರೇಡಿಯೋ. ಅದರ ಕೆಳಗೆ ಕೆಂಪಿನಲ್ಲಿ ಟೇಪ್ ರೆಕಾರ್ಡರ್, ಮಿಕ್ಸಿ. ಆಮೇಲೆ ಹಸಿರಿನಲ್ಲಿ ಟಿವಿ, ಡಿಶ್. ೨೦೦೪ರ ಸುಮಾರಿಗೆ ಜಾಗ ಉಳಿದಿರಲಿಲ್ಲವಾದ್ದರಿಂದ ಬೋರ್ಡಿನ ಅಂಚಿನಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದೇ ಅಕ್ಷರವಾಗಿ ಕಂಪ್ಯೂಟರ್ ಎಂದು ಬರೆಸಿದ. ಕಂಪ್ಯೂಟರ್ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿದವರಿಲ್ಲ. ಹರಪನಹಳ್ಳಿಯಲ್ಲಿ ಯಾವುದೋ ಹರಾಜಿನಲ್ಲಿ ಒಂದು ಸತ್ತ ಕಂಪ್ಯೂಟರನ್ನು ಹಿಡಿದು, ಬಸ್ಸಿನ ಮೇಲೆ ಹಾಕಿಕೊಂಡು ಬಂದು, ಏಳು ಸಲ ಬಿಚ್ಚಿ ಏಳು ಸಲ ಜೋಡಿಸಿದನಂತೆ. ಏಳನೆಯ ಸಲ ಅದು ಎದ್ದು ಕೂತಿತು. ಎರಡು ಸ್ಕ್ರೂ ಮಿಕ್ಕವು. ಅವು ಇಂದಿಗೂ ಅವನ ಗಲ್ಲಾಪೆಟ್ಟಿಗೆಯ ಮೇಲಿನ ಗಣೇಶನ ಮುಂದೆ ಇವೆ.

ಇಂಗ್ಲಿಷ್ ಅವನಿಗೆ ಬಾರದು. ಪರದೆಯ ಮೇಲೆ ಬರುವ ಮಾತುಗಳನ್ನು ಅವನು ಆಕಾರ ನೋಡಿ ಗುರುತಿಸುತ್ತಿದ್ದ. "ಎರಡು ಉದ್ದ ಸಾಲು, ಒಂದು ಮೋಟು ಸಾಲು ಬಂದ್ರ ಒಳಗಿನ ಡಿಸ್ಕ್ ಹೋಗೇತಿ ಅಂತ ಲೆಕ್ಕ" ಎನ್ನುತ್ತಿದ್ದ. ಬಹಳ ಸಲ ಅದು ಸರಿಯೇ ಇರುತ್ತಿತ್ತು.

ಇಂಥವನ ಕೈಗೆ ನನ್ನ ಲ್ಯಾಪ್‌ಟಾಪ್ ಕೊಡಬೇಕಾಗಿ ಬಂದದ್ದು ೨೦೦೭ರಲ್ಲಿ.

ನಾನು ಇಲ್ಲಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಇಬ್ಬರು ಮಕ್ಕಳಾದ ಮೇಲೆ ನನಗೆ ಎಂ.ಫಿಲ್ ಮಾಡುವ ಹುಕಿ ಹತ್ತಿತು. ವಿಷಯ ನಮ್ಮ ತಾಲೂಕಿನ ಬಾವಿಗಳ ಹೆಸರುಗಳು. ಕೇಳಿದವರೆಲ್ಲ ನಕ್ಕರು. ನಾನು ಬಿಡಲಿಲ್ಲ. ಎರಡು ವರ್ಷ ಭಾನುವಾರ ಭಾನುವಾರ ಬಸ್ಸು ಹತ್ತಿ ಹಳ್ಳಿಗಳಿಗೆ ಹೋದೆ. ಕೋಗಳಿಯಲ್ಲಿ ಬಸದಿಯ ನೆರಳಲ್ಲಿ ಕೂತು ಮುದುಕರನ್ನು ಮಾತಾಡಿಸಿದೆ. ಹಂಪಸಾಗರದ ಕಡೆ ಸುಂಕಮ್ಮ ಎಂಬ ಅಜ್ಜಿಯೊಬ್ಬಳು, ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದ ಹದಿನೇಳು ಬಾವಿಗಳ ಹೆಸರನ್ನು ಬೆರಳು ಮಡಚಿ ಮಡಚಿ ಹೇಳಿದಳು. ಅಳಿಯನ ಬಾವಿ, ಮುನಿಸಿನ ಬಾವಿ, ಸೂಲಗಿತ್ತಿ ಬಾವಿ, ಹೀಗೆ. ಅವಳು ಹೇಳಿ ನಾಲ್ಕು ತಿಂಗಳಿಗೆ ತೀರಿಕೊಂಡಳು. ಆ ಹದಿನೇಳು ಹೆಸರು ಬಲ್ಲವರು ಇನ್ನು ಯಾರೂ ಇರಲಿಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದ್ದವು.

ಬರೆದ ಹಾಳೆಗಳು ಎಲ್ಲಿ ಹೋದವು ಎಂದು ನೀವು ಕೇಳುತ್ತೀರಿ. ಟೈಪ್ ಆದದ್ದನ್ನು ಒಂದು ಮೂಲೆಗೆ ಹಾಕುತ್ತಿದ್ದೆ. ಅತ್ತೆ ಶಿವಬಸಮ್ಮನವರು ಅವನ್ನು ದಿನಕ್ಕೆ ನಾಲ್ಕರಂತೆ ನೀರೊಲೆ ಹೊತ್ತಿಸಲು ಬಳಸಿದರು. ಅವರದೇನೂ ತಪ್ಪಿಲ್ಲ, "ಇವು ಬೇಕೇನವ್ವ?" ಎಂದು ಕೇಳಿದಾಗ "ಬ್ಯಾಡ" ಎಂದವಳು ನಾನೇ. ಪೆನ್ ಡ್ರೈವ್ ಎಂಬುದನ್ನು ತರಬೇಕೆಂದು ಮೂರು ತಿಂಗಳಿಂದ ಸಂತೆಯ ಚೀಟಿಯಲ್ಲಿ ಬೆಳ್ಳುಳ್ಳಿಯ ಕೆಳಗೆ ಬರೆಯುತ್ತಿದ್ದೆ. ಬೆಳ್ಳುಳ್ಳಿ ಬರುತ್ತಿತ್ತು.

ಲ್ಯಾಪ್‌ಟಾಪ್ ಕೂಡ ಹೊಸದಲ್ಲ. ಹುಬ್ಬಳ್ಳಿಯಲ್ಲಿದ್ದ ನಮ್ಮ ದೊಡ್ಡಪ್ಪನ ಮಗ ಬಳಸಿ ಬಿಟ್ಟದ್ದು. ತೂಕದಲ್ಲಿ ರೊಟ್ಟಿ ತಟ್ಟುವ ಮರದ ಕೊಣಮಿಗೆಗೆ ಸಮ. ಬಲಬದಿಯ ಗುಂಡಿ ಒತ್ತಿದರೆ ಸಿಡಿ ಇಡುವ ತಟ್ಟೆ ಖಟ್ಟನೆ ಹೊರಗೆ ಬರುತ್ತಿತ್ತು. ನಾನು ಅದನ್ನು ಮುಟ್ಟಿದವಳೇ ಅಲ್ಲ.

ಪ್ರಬಂಧ ಒಪ್ಪಿಸಲು ಕಡೆಯ ದಿನ ಹದಿನಾರನೆಯ ತಾರೀಕು. ಏಳನೆಯ ತಾರೀಕು ಶನಿವಾರ ಪಕ್ಕದ ಮನೆಯ ಹಂಪಮ್ಮ ಬಂದಳು. ಅವಳ ಮಗಳು ನಾಗರತ್ನಳನ್ನು ಕೂಡ್ಲಿಗಿಗೆ ಕೊಟ್ಟಿದ್ದರು. ಅಲ್ಲಿ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕಿದ ದಿನದ ಸಿಡಿ ಬಂದಿತ್ತು. ಸೊಂಟದ ನೋವಿನಿಂದ ಹಂಪಮ್ಮ ಆ ಕಾರ್ಯಕ್ಕೆ ಹೋಗಿರಲಿಲ್ಲ. "ಒಂದು ದಿನ ಕೊಡವ್ವ, ನೋಡಿ ಕೊಡ್ತೀನಿ" ಎಂದಳು. ಕೊಟ್ಟೆ. ಹಂಪಮ್ಮ ಅಂಥ ನೆರೆಯವಳು. ಒಂದು ಬಟ್ಟಲು ಪಲ್ಯ ಕಳಿಸಿದರೆ ನಮ್ಮ ಬಟ್ಟಲು ಅವಳ ಮನೆಯಿಂದ ಖಾಲಿ ಬಂದದ್ದಿಲ್ಲ. ಭಾನುವಾರ ಸಂಜೆ ಲ್ಯಾಪ್‌ಟಾಪನ್ನು ತೊಳೆದ ಟವೆಲಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ತಂದುಕೊಟ್ಟಳು.

ಸೋಮವಾರ ಬೆಳಿಗ್ಗೆ ಗುಂಡಿ ಒತ್ತಿದೆ. ಕಂಪನಿಯ ಹೆಸರು ಬಂತು. ಆಮೇಲೆ ಪರದೆ ಕಪ್ಪಾಗಿ, ಎಡಗಡೆ ಮೇಲೆ ಒಂದು ಬಿಳಿ ಗೀಟು ಕಣ್ಣು ಹೊಡೆಯತೊಡಗಿತು. ಒಂದು ಗಂಟೆ ಕಾದರೂ ಅದು ಕಣ್ಣು ಹೊಡೆಯುವುದನ್ನು ಬಿಡಲಿಲ್ಲ. ನಮ್ಮ ಮನೆಯವರು ಬ್ಯಾಟರಿ ತೆಗೆದು ಹಾಕಿದರು, ವೈರು ಎಳೆದು ಚುಚ್ಚಿದರು. ಅತ್ತೆ ಅದರ ಮುಚ್ಚಳಕ್ಕೆ ಮೂರು ಬೆರಳು ವಿಭೂತಿ ಹಚ್ಚಿದರು. ಆ ಗೀಟು ಅಲ್ಲೇ ಇತ್ತು. ನಡುವೆ ಮೇಜಿನ ಮೇಲೆ ಇರುವೆ ಸಾಲು ಬೇರೆ ಕಾಣಿಸಿಕೊಂಡಿತು. ಬಿಸ್ಕತ್ತು ಚೆಲ್ಲಿದ್ದೀರಿ ಎಂದು ಮಕ್ಕಳಿಗೆ ಬೈದೆ.

ಮಕ್ಕಳಿಗೆ ಬೈದು ಸಾಲದೆ ಹಂಪಮ್ಮನ ಮನೆಗೂ ಹೋದೆ. "ಏನ್ ಮಾಡಿದ್ರಿ ಅದಕ್ಕ?" ಎಂದು ಕೇಳಿದೆ. "ಏನೂ ಮಾಡಿಲ್ಲವ್ವ. ಒರಸಿ ಕೊಟ್ಟೀನಿ" ಎಂದಳು. "ಗೊತ್ತಿಲ್ಲದವ್ರ ಕೈಯಾಗ ಕೊಟ್ಟಿದ್ದು ನನ್ನ ತಪ್ಪು" ಎಂದುಬಿಟ್ಟೆ. ಅವಳು ಮೊರದಲ್ಲಿದ್ದ ಜೋಳದ ಮೇಲೆ ಕೈಯಾಡಿಸುತ್ತ ಕೂತಳು. ಮರುದಿನದಿಂದ ಅವಳು ಕಾಂಪೌಂಡಿನ ಮೇಲಿಂದ ಮಾತಾಡಿಸುವುದು ನಿಂತಿತು.

ಹೊಸಪೇಟೆಗೆ ಹೊತ್ತುಕೊಂಡು ಹೋದೆ. ಅಲ್ಲಿಯ ಒಂದು ಅಂಗಡಿಯವನು ಗುಂಡಿ ಒತ್ತಿ, ಗೀಟು ನೋಡಿ, "ಫಾರ್ಮ್ಯಾಟ್ ಹೊಡೀಬೇಕು ಮೇಡಂ, ಬಿಟ್ಟು ಹೋಗ್ರಿ" ಎಂದ. ಹಾಗೆಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಸುರು ಮಾಡುವುದು ಎಂದು ಅವನೇ ತಿಳಿಸಿದ. ನನ್ನ ಬಾವಿಗಳು ಎಂದು ಕೇಳಿದೆ. "ಯಾವ ಬಾವಿ?" ಎಂದ. ಲ್ಯಾಪ್‌ಟಾಪ್ ಎದೆಗವಚಿಕೊಂಡು ವಾಪಸು ಬಸ್ಸು ಹತ್ತಿದೆ. ಹೇಳಲು ನಾಚಿಕೆಯೇನಿಲ್ಲ, ದಾರಿಯುದ್ದಕ್ಕೂ ಅಳುತ್ತಲೇ ಬಂದೆ. ನೀರಿನಲ್ಲಿ ಒಮ್ಮೆ ಮುಳುಗಿದ ಹದಿನೇಳು ಬಾವಿಗಳನ್ನು ನಾನು ಇನ್ನೊಮ್ಮೆ ಮುಳುಗಿಸಿದೆನಲ್ಲ ಎಂಬ ಸಂಕಟ.

ಮನೆಯಲ್ಲಿ ಮಾವ, "ಚೌಡಣ್ಣನ್ನ ಕರಸವ್ವ" ಎಂದರು. ಬೇರೆ ದಾರಿಯಿರಲಿಲ್ಲ. ಕರೆಸಿದೆ.

ಅವನು ಬುಧವಾರ ಹತ್ತು ಗಂಟೆಗೆ ಬಂದು ಪಡಸಾಲೆಯಲ್ಲಿ ಕೂತ. ಮೊದಲು ಲ್ಯಾಪ್‌ಟಾಪನ್ನು ಮುಟ್ಟಲೇ ಇಲ್ಲ. "ಕೆಡೋ ಹಿಂದಿನ ದಿನ ಎಲ್ಲಿತ್ತವ್ವ ಇದು?" ಎಂದು ಕೇಳಿದ.

"ಹಂಪಮ್ಮನ ಮನಿಯಾಗ" ಎಂದೆ. ಹೇಳುವಾಗ ನನ್ನ ದನಿ ಏರಿತು. "ಅಲ್ಲೇ ಏನೋ ಆಗೈತಿ."

"ಇರ್ಲಿ ಇರ್ಲಿ" ಎಂದು ಗುಂಡಿ ಒತ್ತಿದ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೇಲಿಟ್ಟು ಹಿಡಿಕೆಗೆ ಕಿವಿ ಕೊಟ್ಟ. ಮೋಟಾರಿನ ಬೇರಿಂಗ್ ನೋಡುವಾಗ ಅವನು ಹಾಗೇ ಮಾಡುವುದು. ಎಡಕ್ಕೆ ಕೇಳಿದ, ಬಲಕ್ಕೆ ಕೇಳಿದ. "ಏಳಾಕ ನೋಡಾಕ ಹತ್ತೈತವ್ವ. ಯಾರೋ ಕಾಲು ಹಿಡ್ಕಂಡಾರ."

"ಫಾರ್ಮ್ಯಾಟ್ ಮಾಡಬ್ಯಾಡ ಚೌಡಣ್ಣ. ಒಳಗ ನನ್ನ ಎರಡು ವರ್ಷದ ಕೆಲಸ ಐತಿ."

"ಮನಿಯಾಗ ಜಗಳ ಆದ್ರ ಮನಿ ಕೆಡವ್ತಾರೇನು? ಒಬ್ಬೊಬ್ಬರನ್ನ ಹೊರಗ ಕುಂದ್ರಿಸಿ ನೋಡಬೇಕು, ಯಾರು ಹೋದ್ರ ಜಗಳ ನಿಲ್ತೈತಿ ಅಂತ."

ಹಾಗೆಯೇ ಮಾಡಿದ. ಬ್ಯಾಟರಿಯನ್ನು ಹೊರಗಿಟ್ಟು ವೈರಿನ ಮೇಲೆ ಚಾಲೂ ಮಾಡಿದ. ಗೀಟು. ಹೊಟ್ಟೆಯ ಸಣ್ಣ ಮುಚ್ಚಳ ತೆಗೆದು, ಮೆಮೊರಿಯ ಪಟ್ಟಿಯನ್ನು ಬಿಡಿಸಿ, ಪೆನ್ಸಿಲಿನ ರಬ್ಬರಿನಿಂದ ಅದರ ಹಿತ್ತಾಳೆ ಹಲ್ಲುಗಳನ್ನು ಉಜ್ಜಿ ಮತ್ತೆ ಕೂರಿಸಿದ. ಗೀಟು. ಅಷ್ಟರಲ್ಲಿ ಒಂದು ಇರುವೆ ಅವನ ಮುಂಗೈ ಹತ್ತಿತು. ಅದನ್ನು ಬೆರಳ ತುದಿಗೆ ತೆಗೆದುಕೊಂಡು, ಅದು ಬಂದ ದಾರಿಯನ್ನೇ ಸ್ವಲ್ಪ ಹೊತ್ತು ನೋಡಿದ. ಮತ್ತೆ ಬಲಬದಿಗೆ ಕಿವಿ ಕೊಟ್ಟ.

ಆಮೇಲೆ ಅವನಿಗೆ ಬಾಯಾರಿತು.

"ಒಂದು ಲೋಟ ನೀರು ತಾರವ್ವ."

ಹದಿನಾರನೆಯ ತಾರೀಕು ಕುತ್ತಿಗೆಗೆ ಬಂದಿದೆ, ಇವನಿಗೆ ನೀರು. ಹಲ್ಲು ಕಚ್ಚಿಕೊಂಡು ಎದ್ದೆ. ಅಡುಗೆಮನೆಯಲ್ಲಿ ಕೊಡದ ನೀರು ತಳ ಕಂಡಿತ್ತು. ಹಿತ್ತಿಲಿಗೆ ಹೋಗಿ ಸೇದಿ ಸೋಸಿ ತರುವಷ್ಟರಲ್ಲಿ ಐದು ನಿಮಿಷವಾಯಿತು. ಲೋಟ ಹಿಡಿದು ಬಾಗಿಲು ದಾಟುವಾಗ ನನಗೆ ಗುರುತಿದ್ದ ಆ ಸಣ್ಣ ಸಂಗೀತ ಕೇಳಿಸಿತು. ಪರದೆಯ ಮೇಲೆ ಹಸಿರು ಗುಡ್ಡ, ನೀಲಿ ಆಕಾಶ. ಅರ್ಧ ನೀರು ನೆಲಕ್ಕೆ ಹೋಯಿತು. ಅಲ್ಲೇ ಕೂತು ಕಡತ ತೆರೆದೆ. ಅಳಿಯನ ಬಾವಿ ಇತ್ತು. ಮುನಿಸಿನ ಬಾವಿ ಇತ್ತು. ಹದಿನೇಳನ್ನೂ ಬೆರಳು ಮಡಚಿ ಎಣಿಸಿದೆ. ಆ ಗಳಿಗೆಯ ಸಂತೋಷವನ್ನು ಎರಡು ಹೆರಿಗೆಗಳ ಪಕ್ಕದಲ್ಲಿ ಇಡಬಹುದು ಎಂದರೆ ನಮ್ಮ ಮನೆಯವರು ಬೇಜಾರು ಮಾಡಿಕೊಳ್ಳುತ್ತಾರೆ. ಆದರೆ ಇಡಬಹುದು.

"ಏನಾಗಿತ್ತು?" ಎಂದು ಕೇಳಿದೆ.

"ವಯಸ್ಸಾಗೈತವ್ವ."

"ಹಂಪಮ್ಮ ಏನೂ ಮಾಡಿಲ್ಲೇನು?"

"ಆಕಿ ಏನ್ ಮಾಡ್ತಾಳ. ಹಳೇ ಮಾಲು." ಎರಡು ಗುಟುಕು ನೀರು ಕುಡಿದು ಉಳಿದದ್ದನ್ನು ಅಂಗಳದ ದಾಸವಾಳದ ಬುಡಕ್ಕೆ ಸುರಿದ. ಪೆನ್ ಡ್ರೈವ್ ಒಂದನ್ನು ಜೇಬಿನಿಂದ ತೆಗೆದುಕೊಟ್ಟು, "ಮೊದಲು ಇದಕ್ಕ ಹಾಕ್ಕೋ" ಎಂದು ಹೊರಟ.

ವಯಸ್ಸಾಗಿತ್ತು ಎಂದರೆ ಹಂಪಮ್ಮನದು ತಪ್ಪಿಲ್ಲ. ಹಂಪಮ್ಮನದು ತಪ್ಪಿಲ್ಲ ಎಂದರೆ ತಪ್ಪು ನನ್ನದು. ಇಷ್ಟು ಸರಳವಾದ ಲೆಕ್ಕ ನನಗೆ ತಿಳಿಯದೆ ಇರಲಿಲ್ಲ. ಆದರೂ ಪಕ್ಕದ ಮನೆಗೆ ಹೋಗಿ ಒಂದು ಮಾತು ಹೇಳಲು ನನ್ನ ಕಾಲು ಏಳಲಿಲ್ಲ. ಪ್ರಬಂಧ ಮುಗಿಯಲಿ, ಆಮೇಲೆ ಎಂದು ಮುಂದಕ್ಕೆ ಹಾಕಿದೆ. ಹದಿನಾರಕ್ಕೆ ಒಪ್ಪಿಸಿಯೂ ಬಂದೆ. ಮತ್ತೂ ಹೋಗಲಿಲ್ಲ.

ಹದಿನೆಂಟಕ್ಕೆ ಬೀದಿಯ ನಲ್ಲಿಯಲ್ಲಿ ಇಬ್ಬರ ಕೊಡಗಳೂ ಒಟ್ಟಿಗೆ ಬಂದವು. ಹಂಪಮ್ಮ ನನ್ನ ಕಡೆ ನೋಡದೆ, ಕೊಡಕ್ಕೆ ಬೀಳುವ ನೀರನ್ನೇ ನೋಡುತ್ತ ಹೇಳಿದಳು: "ನೀ ಏನಾರ ಅನ್ನು ಭಾಗ್ಯ. ನಿನ್ನ ವಸ್ತು ನಾ ಹೆಂಗೆಂಗೋ ಕೊಟ್ಟಿಲ್ಲ. ಸಿಡಿ ತಗದ ಮ್ಯಾಲ ತಟ್ಟಿ ಖಾಲಿ ಕಂಡಿತು. ಖಾಲಿ ತಟ್ಟಿ ಹೆಂಗ ಕಳಸ್ಲಿ ಅಂತ ಒಂದು ಚಿಟಿಕಿ ಸಕ್ಕರಿ ಹಾಕೇ ಕೊಟ್ಟೀನಿ."

ನನ್ನ ಕೊಡ ತುಂಬಿ ಹರಿಯುತ್ತಿತ್ತು. ಇರುವೆ ಸಾಲು, ಬಲಬದಿಗೆ ಕಿವಿ, ನೀರಿನ ಲೋಟ, ಎಲ್ಲ ಒಂದರ ಹಿಂದೆ ಒಂದು ನೆನಪಾದವು. ಬಾಯಿ ತೆರೆದೆ. "ಆ ಸಕ್ಕರೆಯಿಂದಲೇ" ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಹೇಗೋ ನುಂಗಿಕೊಂಡು, ಕೊಡವನ್ನು ಮನೆಯಲ್ಲಿಟ್ಟು, ನೇರ ಸ್ಟೇಷನ್ ರಸ್ತೆಗೆ ನಡೆದೆ.

ಚೌಡಣ್ಣ ಯಾರದೋ ಮಿಕ್ಸಿಯ ಮುಂದೆ ಕೂತಿದ್ದ. ನಾನು ಪೀಠಿಕೆ ಹಾಕಲಿಲ್ಲ. "ತಟ್ಟಿಯೊಳಗ ಸಕ್ಕರಿ ಇತ್ತು. ನೀ ಯಾಕ ಹೇಳ್ಲಿಲ್ಲ?"

ಅವನು ಮಿಕ್ಸಿಯನ್ನು ಪಕ್ಕಕ್ಕೆ ಸರಿಸಿದ. "ಸಕ್ಕರಿ ಕರಗಿ ಸಿಡಿ ಓದೋ ಕಣ್ಣಿಗೆ ಅಂಟಿತ್ತು. ಮಷಿನು ಎದ್ದಕೂಡ್ಲೆ ಅದನ್ನ ಮಾತಾಡಸ್ತೈತಿ, ಅದು ಜವಾಬು ಕೊಡಲ್ಲ, ಇದು ಮುಂದ ಹೋಗಲ್ಲ. ಒಂದು ಸ್ಕ್ರೂ ಬಿಚ್ಚಿ ಆ ತಟ್ಟಿ ಹೊರಗ ಎಳದೆ, ಮಷಿನು ಎದ್ದು ಕುಂತಿತು. ಸ್ಪಿರಿಟ್ ಹಾಕಿ ಒರಸಿ ತಿರುಗಿ ತಳ್ಳಿದೆ. ಅಷ್ಟಾ."

"ಅದನ್ನ ಹೇಳಬೇಕಿತ್ತು."

"ಹೇಳಿದ್ರ ನೀ ಹೋಗಿ ಆಕಿಗೆ ಅಂತಿದ್ದಿ. ಸುಮ್ಮನಿರಾಕಿ ಅಲ್ಲ ನೀನು." ಅವನು ಮುಂದುವರಿಸಿದ. "ಆಕಿ ಅವತ್ತಿಂದ ಯಾರ ಮನಿಗೂ ಸಕ್ಕರಿ ಹಾಕ್ತಿದ್ದಿಲ್ಲವ್ವ. ಖಾಲಿ ಬಟ್ಟಲ ಕೊಡಾಕ ಸುರು ಮಾಡ್ತಿದ್ಲು. ಮಷಿನು ನಾ ಸರಿ ಮಾಡಬೌದು. ಅದನ್ನ ಯಾರು ಸರಿ ಮಾಡ್ಬೇಕು?"

ಅಲ್ಲಿಂದ ನೇರ ಹಂಪಮ್ಮನ ಮನೆಗೆ ಹೋದೆ. ಮಷಿನಿಗೆ ವಯಸ್ಸಾಗಿತ್ತಂತೆ, ನಿನ್ನದೇನೂ ತಪ್ಪಿಲ್ಲ, ನಾನು ಸುಮ್ಮಸುಮ್ಮನೆ ಬಾಯಿಗೆ ಬಂದದ್ದು ಆಡಿದೆ ಎಂದೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನನಗೂ ಅಷ್ಟಾ ಆಗೈತಿ ನೋಡು, ವಯಸ್ಸು" ಎಂದು ನಕ್ಕಳು. ಬರುವಾಗ ಒಂದು ಗಿಂಡಿ ಮಜ್ಜಿಗೆ ಕೊಟ್ಟಳು. ಗಿಂಡಿ ವಾಪಸು ಕಳಿಸುವಾಗ ಅದರಲ್ಲಿ ಒಂದು ಹಿಡಿ ಶೇಂಗಾ ಹಾಕಿದೆ.

ಆಮೇಲಿನ ದಿನಗಳಲ್ಲಿ ನನಗೆ ಬೇರೆಯದೇ ಒಂದು ಯೋಚನೆ ಹತ್ತಿತು. ಅದು ಆ ಹಳೆಯ ರೇಡಿಯೋದ್ದು. ಅದು ಹೇಗೆ ಕೆಟ್ಟಿತು ಎಂದು ಆಮೇಲೆ ಹೇಳುತ್ತೇನೆ ಎಂದಿದ್ದೆನಲ್ಲ. ಅದನ್ನು ನಾನು ಬೀಳಿಸಿದ್ದೆ. ಅದನ್ನಿಟ್ಟಿದ್ದ ಗೋಡೆಯ ಗೂಡಿನ ಧೂಳು ಹೊಡೆಯುವಾಗ ಪೊರಕೆ ತಗುಲಿ ನೆಲಕ್ಕೆ ಬಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಎತ್ತಿಟ್ಟು ಬಾಯಿ ಮುಚ್ಚಿಕೊಂಡಿದ್ದೆ. ಮೂರು ತಿಂಗಳ ಹೊಸ ಸೊಸೆ, ಮಾವ ಏನನ್ನುತ್ತಾರೋ ಎಂದು ಎರಡು ದಿನ ಅನ್ನ ಸೇರಿರಲಿಲ್ಲ. ಚೌಡಣ್ಣ ಬಿಚ್ಚಿದಾಗ ಒಳಗೆ ಏನು ಮುರಿದಿತ್ತೋ, ಬಿದ್ದ ವಸ್ತು ಎಂದು ಅವನಿಗೆ ಹೇಗೆ ತಿಳಿಯಿತೋ, ಬಾಗಿಲ ಬಳಿ ನಿಂತ ನನ್ನ ಮುಖ ಹೇಗಿತ್ತೋ. ಅವನು ಮಾವನವರನ್ನೇ ನೀರಿಗೆ ಎಬ್ಬಿಸಿದ. ನಾನು ಹನ್ನೊಂದು ವರ್ಷ ಅವನನ್ನು ಸೊಕ್ಕಿನವನೆಂದು ಬೈದುಕೊಂಡಿದ್ದೆ.

ಪ್ರಬಂಧದ ನನ್ನ ಸ್ವಂತ ಪ್ರತಿ ಬೈಂಡಾಗಿ ಬಂದ ದಿನ ಅದನ್ನು ತೆಗೆದುಕೊಂಡು ಅವನ ಅಂಗಡಿಗೆ ಹೋದೆ. ಕೃತಜ್ಞತೆಯ ಪುಟದಲ್ಲಿ ಅವನ ಹೆಸರಿರಲಿಲ್ಲ, ಅಚ್ಚಿಗೆ ಕೊಟ್ಟಾಗ ನನಗೆ ಸಕ್ಕರೆಯ ವಿಷಯ ತಿಳಿದಿರಲಿಲ್ಲವಲ್ಲ. ಹಾಗಾಗಿ ಪೆನ್ನಿನಿಂದ ಬರೆದು ಸೇರಿಸಿದ್ದೆ. ಅವನು ಪುಟ ತಿರುವಿ, ಹೆಸರಿನ ಮೇಲೆ ಬೆರಳಿಟ್ಟು, ಚಂದ ಐತಿ ಎಂದ. ಬಾವಿಗಳ ಪಟ್ಟಿಯನ್ನೂ ಓದಿದ. ಗಿರಾಕಿಗಳು ಯಾರೂ ಇರಲಿಲ್ಲ. ಈಗ ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಎನ್ನಿಸಿತು.

"ಚೌಡಣ್ಣ, ಮಾವನ ರೇಡಿಯೋ ನಾನಾ ಬೀಳಿಸಿದ್ದೆ."

ಅವನು ಪುಸ್ತಕ ಮುಚ್ಚಿ ಗಲ್ಲಾಪೆಟ್ಟಿಗೆಯ ಮೇಲೆ, ಆ ಎರಡು ಸ್ಕ್ರೂಗಳ ಪಕ್ಕದಲ್ಲಿಟ್ಟ. ಮುಂದಿದ್ದ ಮಿಕ್ಸಿಯ ಮೇಲೆ ಬಗ್ಗಿ, ಬಿಗಿಯಾಗಿಯೇ ಇದ್ದ ಒಂದು ಸ್ಕ್ರೂವನ್ನು ಇನ್ನೊಮ್ಮೆ ತಿರುಗಿಸಿದ. ನನ್ನ ಕಣ್ಣು ತುಂಬಿದ್ದು ಅವನಿಗೆ ಕಂಡಿರಬೇಕು.

"ಒಂದು ಲೋಟ ನೀರು ತಾರವ್ವ" ಎಂದ.

ಅವನ ಕಾಲ ಬಳಿ ಮಣ್ಣಿನ ಹೂಜಿ ತುಂಬಿ ನಿಂತಿತ್ತು, ಮೇಲೆ ಲೋಟವೂ ಇತ್ತು. ನಾನು ಎದ್ದು ಪಕ್ಕದ ಹೋಟೆಲಿಗೆ ಹೋದೆ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಮುಖ ತೊಳೆದುಕೊಂಡು, ಅವನಿಗೆ ನೀರು ತಂದುಕೊಟ್ಟೆ.